ಹದಿನೆಂಟು ಹಣೆಗೂ ಅರಿಶಿನ

ಜುಲೈ 12, ಶುಕ್ರವಾರ. ಹಳೇಕೋಟೆ.

ಬೆಳಿಗ್ಗೆ ಅತ್ತೆಯ ಮೇಲೆ ಬಂದ ಸಿಟ್ಟು ನೆನೆದರೆ ಈಗ ನಗು ಬರುತ್ತಿದೆ.

ಹದಿನೆಂಟು ಕುರಿಗಳ ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿ, ಹುಳು ರಕ್ತ ಹೀರಿ ಒಳಗೆ ಬಿಳಿಚಿಕೊಂಡಿದ್ದ ಐದಕ್ಕೆ ಮಾತ್ರ ಜಂತುಹುಳದ ಔಷಧಿ ಕುಡಿಸಿದೆ. ಎಲ್ಲಕ್ಕೂ ಪದೇಪದೇ ಕುಡಿಸಿದರೆ ಆ ಔಷಧಿ ಹುಳುಗಳಿಗೆ ನಾಟುವುದೇ ಇಲ್ಲ ಎಂದಿದ್ದರು ಡಾಕ್ಟರು. ಹೋದ ವರ್ಷ ಔಷಧಿ ಕುಡಿದೂ ಎರಡು ಮರಿ ಸತ್ತವಲ್ಲ. ಅತ್ತೆಗೆ ಮಾತ್ರ ಇದು ಒಪ್ಪಿಗೆಯಿಲ್ಲ. "ಐದ್ಕೆ ಕುಡ್ಸಿ ಮಿಕ್ಕವ್ಕೆ ಮೋಸ ಮಾಡ್ತೀಯಾ?"

ಗುರುತಿಗಿರಲಿ ಎಂದು ಆ ಐದರ ಹಣೆಗೆ ಅರಿಶಿನ ಹಚ್ಚಿದೆ. ಬರೆದಿಡಲು ಒಳಗೆ ಹೋಗಿ ಪೆನ್ನು ಹುಡುಕಿ ತರುವಷ್ಟರಲ್ಲಿ ಹದಿನೆಂಟಕ್ಕೂ ಅರಿಶಿನ!

"ಆಸಾಡದ ಸುಕ್ರುವಾರ ಕಣವ್ವ. ಐದ್ಕೆ ಅಚ್ಚಿ ಮಿಕ್ಕವ್ನ ಬರಿ ಅಣೇಲಿ ಬಿಡಕಾಯ್ತದಾ?"

ನನಗೆ ಅಳುವೇ ಬಂತು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಂದೊಂದರ ರೆಪ್ಪೆಯನ್ನೂ ತಾವೇ ಬಿಡಿಸಿದರು. "ಇದು ಬೆಳ್ಳಗದೆ, ಇಲ್ಲಿರ್ಲಿ. ಇದು ಕೆಂಪಗದೆ, ಓಗು." ಸರಿಯಾಗಿ ಐದನ್ನು ಆರಿಸಿದರು. ಆ ಐದರ ಮೂತಿಯಲ್ಲೂ ಔಷಧಿಯ ಬಿಳಿ ಅಂಟಿತ್ತು. ಅದು ನನ್ನ ಕಣ್ಣಿಗೆ ಬಿದ್ದದ್ದು ಆಮೇಲೆ.

ಆಗಿನಿಂದ ಅವರ ಕೈ ಸುಮ್ಮನಿಲ್ಲ. ಊಟಕ್ಕೆ ಕೂತಾಗ ನನ್ನ ಗದ್ದ ಹಿಡಿದು ರೆಪ್ಪೆ ಕೆಳಗೆಳೆದರು. "ನಿಂದೂ ಬೆಳ್ಳಗದೆ ಕಣವ್ವ! ಎಲ್ಲಾರ್ಗೂ ಬಡ್ಸಿ ನೀನು ಏನ್ ತಿಂತೀಯೆ?" ಎಂದು ಅವರ ತಟ್ಟೆಯ ನುಗ್ಗೆಸೊಪ್ಪನ್ನೆಲ್ಲ ನನ್ನ ತಟ್ಟೆಗೆ ಸುರಿದರು.

ತಮ್ಮ ರೆಪ್ಪೆ ಮಾತ್ರ ಮುಟ್ಟಗೊಡಲಿಲ್ಲ. ನಾಳೆ ಮೈ ತೊಳೆಸಲು ಟಗರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿರುತ್ತಾರಲ್ಲ, ಆಗ ನಾನೇ ಮೆಲ್ಲಗೆ ಹೋಗಿ ಅವರ ರೆಪ್ಪೆ ಬಿಡಿಸಿ ನೋಡುತ್ತೇನೆ.