ಏಳನೇ ಕಲ್ಲಿನ ಬುಡದ ನೀರು

ಇಚಿಲಂಪಾಡಿ
ಆಗಸ್ಟ್ 11, ಸೋಮವಾರ

ಪ್ರೇಮಕ್ಕನ ಮಗಳು, ನನ್ನ ಮುದ್ದಿನ ಸೊಸೆ ಭವಿತಾಳಿಗೆ ಜತ್ತಪ್ಪ ಮಾವನ ಆಶೀರ್ವಾದಗಳು.

ಈ ಕಡಬ ತಾಲೂಕಿನಲ್ಲಿ ಹೊಳೆ ಏರಬೇಕಾದರೂ ಮೊದಲು ನನ್ನ ಅಪ್ಪಣೆ ಕೇಳುತ್ತದೆ, ಅದು ನಿನಗೆ ಗೊತ್ತಿರಲಿ. ಎಪ್ಪತ್ತನಾಲ್ಕರ ನೆರೆಯಲ್ಲಿ ಒಡೆಯಲು ಹೊರಟ ಒಡ್ಡಿಗೆ ಬೆನ್ನು ಕೊಟ್ಟು ಊರು ಉಳಿಸಿದವನು ನಾನೇ. ಆಗ ನನಗೆ ಏಳು ವರ್ಷ. ನಿನ್ನ ಅಮ್ಮ ಮಾತ್ರ, ಆ ದಿನ ನಾನು ಅಟ್ಟದಲ್ಲಿ ಕೂತು ಅಳುತ್ತಿದ್ದೆ ಎನ್ನುತ್ತಾಳೆ. ಅಕ್ಕಂದಿರಿಗೆ ನೆನಪಿನ ಶಕ್ತಿ ಕಡಿಮೆ.

ಮೇ ತಿಂಗಳಲ್ಲಿ ನೀನು ಶಾಲೆಯ ಹಾಲಿನಲ್ಲಿ ನಮಗೆ ತರಬೇತಿ ಕೊಟ್ಟೆಯಲ್ಲ, ಅದರ ಒಂದೊಂದು ಮಾತೂ ನನಗೆ ನೆನಪಿದೆ. ಹೊಳೆಬದಿಯ ಒಡ್ಡನ್ನು ನೋಡಲು ಇಬ್ಬಿಬ್ಬರ ತಂಡ. ಒಬ್ಬ ಮೇಲೆ ನಡೆಯಬೇಕು, ಒಬ್ಬ ಗದ್ದೆಯ ಕಡೆ ಬುಡದಲ್ಲಿ. ಬಿರುಕು, ಕುಸಿತ, ಏಡಿ ಕೊರೆದ ತೂತು ಕಂಡರೆ ಫೋಟೋ ತೆಗೆದು, ಒಡ್ಡಿನ ಉದ್ದಕ್ಕೂ ನೆಟ್ಟ ನಂಬರು ಕಲ್ಲುಗಳಲ್ಲಿ ಎಷ್ಟನೆಯದರ ಹತ್ತಿರ ಎಂದು ಬರೆದು ಗ್ರೂಪಿಗೆ ಹಾಕಬೇಕು. ಬುಡದಲ್ಲಿ ಜಿನುಗುವುದು ತಿಳಿ ನೀರಾದರೆ ಕಾವಲು, ಕಲಂಕು ನೀರಾದರೆ ಒಳಗಿನ ಮಣ್ಣೇ ಹೋಗುತ್ತಿದೆ ಎಂದು ಅರ್ಥ, ಕೂಡಲೇ ಫೋನು. "ಹೊಳೆಯಲ್ಲೇ ಹುಟ್ಟಿದವನು ನಾನು, ನನಗೆ ಕಲಿಸುದಾ?" ಎಂದು ನಾನು ಎದ್ದು ನಿಂತೆ. ನೀನು ಎಲ್ಲರೆದುರು, "ಹೊಳೆಯಲ್ಲಿ ಹುಟ್ಟುದು ಏಡಿ ಮಾವ, ಅದೇ ಒಡ್ಡಿಗೆ ತೂತು ಕೊರೆಯುದು. ಕೂತ್ಕೊಳ್ಳಿ" ಎಂದೆ. ಇಡೀ ಹಾಲ್ ನಕ್ಕಿತು. ನಾನೂ ನಕ್ಕೆ.

ಇನ್ನು ತಮಾಷೆ ಸಾಕು. ಫೋನಿನಲ್ಲಿ ನಿನ್ನ ಸ್ವರ ಕೇಳಿದರೆ ನನ್ನ ಬಾಯಿ ತಮಾಷೆಗೇ ಹೋಗುತ್ತದೆ, ಅದಕ್ಕೆ ಈ ಕಾಗದ.

ತರಬೇತಿ ಸರಿಯಾಗಿ ಕೊಡಲಿಲ್ಲ ಎಂದು ನಿನಗೆ ನೋಟೀಸು ಬಂದಿದೆಯಂತೆ, ಗುರುವಾರ ವಿಚಾರಣೆಯಂತೆ, ಕೆಲಸವೂ ಹೋಗಬಹುದಂತೆ. ಪ್ರೇಮಕ್ಕ ಅಳುತ್ತಾ ಹೇಳಿದಳು. ಆ ನೋಟೀಸು ಹುಟ್ಟಿದ್ದು ನನ್ನ ಬಾಯಿಯಿಂದ ಮಗಾ. ಒಡ್ಡು ಒಡೆದ ಮೂರನೇ ದಿನ ನಿಮ್ಮ ಇಲಾಖೆಯ ಸಾಹೇಬರು ಬಂದು, ಬುಡದಲ್ಲಿ ನಡೆದು ನೋಡಲು ನಿಮಗೆ ಹೇಳಿಕೊಟ್ಟಿದ್ದಾರಾ ಎಂದು ಕೇಳಿದರು. ಇಲ್ಲ ಸಾರ್, ಮೇಲೆ ನಡೆಯಲು ಮಾತ್ರ ಹೇಳಿದ್ದು ಎಂದೆ. ಅವರು ಬರೆದುಕೊಂಡರು. ನಾನು ಸಹಿ ಹಾಕಿದೆ.

ನಡೆದದ್ದು ಹೀಗೆ. ಅದು ಆಟಿ ತಿಂಗಳ ಅಮಾವಾಸ್ಯೆ. ನನ್ನ ಜೋಡಿ ಚೆನ್ನಪ್ಪ ತೀರಿಹೋದ ಅಪ್ಪನ ಹೆಸರಲ್ಲಿ ತೀರ್ಥಸ್ನಾನಕ್ಕೆ ಹೊರಟಿದ್ದ. ನಾನೊಬ್ಬನೇ ಹತ್ತು ಜನರಿಗೆ ಸಮ, ನೀನು ಹೋಗು ಎಂದು ಕಳಿಸಿದೆ. ದಿನಕ್ಕೆ ಮೂರು ಸುತ್ತು ನಡೆಯಬೇಕಿತ್ತು, ಹತ್ತಕ್ಕೆ, ಒಂದಕ್ಕೆ, ಮೂರಕ್ಕೆ. ಮೂರರ ಸುತ್ತಿಗೆ ಹೊರಟವನು ಅಂಗಡಿ ಜಗಲಿಯಲ್ಲಿ ತೆಂಗಿನಕಾಯಿ ಕುಟ್ಟುವ ಆಟ ನೋಡಿ ನಿಂತೆ. ಆಟಿಯ ಆಟ ನಿನಗೆ ಗೊತ್ತುಂಟಲ್ಲ, ಒಬ್ಬನ ಕಾಯಿಗೆ ಇನ್ನೊಬ್ಬ ಕುಟ್ಟುವುದು, ಒಡೆದ ಕಾಯಿ ಗೆದ್ದವನಿಗೆ. ಸ್ವಲ್ಪ ಹೊತ್ತು ಕೂತೆ. ಮೂರು ಕಾಯಿ ಹೋಯಿತು.

ಅಷ್ಟರಲ್ಲಿ ಕದೀಜಮ್ಮ ಕೊಡೆ ಹಿಡಿದು ಬಂದರು. ಏಳನೇ ಕಲ್ಲಿನ ಕೆಳಗೆ ಅವರ ಮನೆ, ಬಸಳೆ ಚಪ್ಪರ, ಆಡಿನ ಕೊಟ್ಟಿಗೆ. "ಜತ್ತಪ್ಪಣ್ಣ, ಒಡ್ಡಿನ ಬುಡದಲ್ಲಿ ನೀರು ಬರ್ತಾ ಉಂಟು. ಚಾದ ಹಾಗೆ ಉಂಟು ಬಣ್ಣ. ಒಮ್ಮೆ ಬಂದು ನೋಡಿ ಮಾರಾಯ್ರೆ" ಎಂದರು. ನನ್ನ ಕೈಯಲ್ಲಿ ಕಾಯಿ ಇತ್ತು. "ಚಾ ಆದ್ರೆ ಸಕ್ಕರೆ ಹಾಕಿ ಇಡಿ ಕದೀಜಮ್ಮ, ಈಗ ಬಂದೆ" ಎಂದೆ. ಜಗಲಿಯಲ್ಲಿದ್ದವರೆಲ್ಲ ನಕ್ಕರು. ಅವರು ನನ್ನ ಮೈಮೇಲಿದ್ದ ನಿಮ್ಮ ಇಲಾಖೆಯ ಜಾಕೆಟನ್ನೇ ಒಂದು ಗಳಿಗೆ ನೋಡಿ ಹೋದರು.

ಫಾರಮಿನಲ್ಲಿ "ಸೋರಿಕೆ ಇಲ್ಲ" ಎಂದು ಗೀಟು ಹಾಕಿದೆ. ಹಿಂದಿನ ವಾರದ ಫೋಟೋ ಗ್ರೂಪಿಗೆ ಕಳಿಸಿದೆ. "ಥ್ಯಾಂಕ್ಸ್ ಮಾವ" ಎಂದು ನೀನು ಉತ್ತರ ಹಾಕಿದೆ. ಅದನ್ನು ಇನ್ನೂ ಅಳಿಸಿಲ್ಲ.

ನಾಲ್ಕಕ್ಕೆ ಏಳನೇ ಕಲ್ಲಿನ ಹತ್ತಿರ ಒಡ್ಡು ಹೋಯಿತು. ಕೊಟ್ಟಿಗೆಯ ಗೋಡೆ ಕದೀಜಮ್ಮನ ಮೇಲೆ ಬಿತ್ತು. ಪುತ್ತೂರಿನ ಆಸ್ಪತ್ರೆಗೆ ಹೋಗಿ ನೋಡಿದೆ. ಸೊಂಟದ ಎಲುಬು ಮುರಿದಿದೆ, ನಾಲ್ಕು ಆಡು ನೀರಿಗೆ ಹೋಗಿವೆ. ಬೈಯುತ್ತಾರೆ ಎಂದು ತಲೆ ತಗ್ಗಿಸಿ ನಿಂತಿದ್ದೆ. "ನೀವು ಬರ್ತೀರಿ ಅಂತ ಅಲ್ಲೇ ಕಾದೆ ಜತ್ತಪ್ಪಣ್ಣ" ಎಂದರು, ಅಷ್ಟೇ. ಬೈದಿದ್ದರೆ ಆ ರಾತ್ರಿ ಊಟ ಸೇರುತ್ತಿತ್ತು.

ಸಾಹೇಬರಿಗೆ ಹೇಳಿದ್ದು ಸುಳ್ಳು, ನೀನು ಎಲ್ಲ ಕಲಿಸಿದ್ದೆ ಎಂದು ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಗುರುವಾರ ನಾನೂ ಬರುತ್ತೇನೆ. ಕೇಸು ಹಾಕುವುದಾದರೆ ಹಾಕಲಿ. ಮಾವ ಎಂದು ಮುಲಾಜು ನೋಡಬೇಡ.

ನಿನ್ನ ಮುಖ ನೋಡಲು ಹೆದರುವ
ಜತ್ತಪ್ಪ ಮಾವ

ಮತ್ತೊಂದು ಮಾತು: ಈ ಕಾಗದವನ್ನು ಪುತ್ತೂರು ಬಸ್ಸಿನ ಕಂಡಕ್ಟರನ ಕೈಗೆ ಕೊಡಲು ಹೋದವನು ಕೊಡದೆ ವಾಪಸು ಬಂದು ಇದನ್ನು ಬರೆಯುತ್ತಿದ್ದೇನೆ. ಮೇಲೆ ಬರೆದದ್ದರಲ್ಲೂ ಸುಳ್ಳು ಉಂಟು. ತಪ್ಪಿದ್ದು ಒಂದು ಸುತ್ತಲ್ಲ. ಬೆಳಿಗ್ಗೆ ಒಂಬತ್ತರಿಂದ ಆ ಜಗಲಿ ಬಿಟ್ಟು ನಾನು ಎದ್ದೇ ಇಲ್ಲ, ಮೂರು ಫಾರಮನ್ನೂ ಅಲ್ಲೇ ತುಂಬಿದ್ದು. ಕದೀಜಮ್ಮ ಬಂದದ್ದು ಮೂರಕ್ಕಲ್ಲ, ಹನ್ನೊಂದಕ್ಕೆ. ಬೇರೆ ಹಾಳೆಯಲ್ಲೂ ತಿದ್ದಿ ಸಹಿ ಹಾಕಿದ್ದೇನೆ. ಎಷ್ಟು ಹೊತ್ತು ಕೂತಿದ್ದ ಎಂದು ಸಾಹೇಬರು ಕೇಳಿದರೆ ಲೆಕ್ಕ ಹೇಳು: ನಾನು ಸೋತದ್ದು ಮೂರು ಕಾಯಿ ಅಲ್ಲ, ನಲವತ್ತೊಂದು.