ಗೀರು ಹೊಡೆದ ಸಂಖ್ಯೆ

ತೂಲಾ
11 ಫೆಬ್ರವರಿ 1999

ಪ್ರಿಯ ಫಾಯಿನಾ,

ಹುಟ್ಟುಹಬ್ಬಕ್ಕಲ್ಲದೆ ನಾನು ನಿನಗೆ ಕಾಗದ ಬರೆದವನಲ್ಲ. ಲಕೋಟೆ ನೋಡಿದಾಗಲೇ ನಿನಗೆ ಗಾಬರಿಯಾಗಿರಬೇಕು. ನನ್ನ ಆರೋಗ್ಯ ಚೆನ್ನಾಗಿದೆ. ಕುಳಿತುಕೊಂಡು ಓದು.

ಮೂರು ವರ್ಷದ ಹಿಂದೆ ನೊವ್ಗೊರೊದ್ ಕಡೆಯ ಜೌಗಿನಲ್ಲಿ ಸಿಕ್ಕ ಮೂಳೆಗಳು ನಿನ್ನ ತಂದೆಯವು ಎಂದು ಬರೆದುಕೊಟ್ಟವನು ನಾನು. ಅವು ನಿನ್ನ ತಂದೆಯವಲ್ಲ.

ಯುದ್ಧದಲ್ಲಿ ಕಾಣೆಯಾದವರನ್ನು ಹುಡುಕುವ ಶೋಧ ತಂಡದ ರೊದಿಯೋನ್, ಆ ಮೂಳೆಗಳ ಪಕ್ಕ ಸಿಕ್ಕ ಬಂದೂಕನ್ನು ಗೋಣಿಯಲ್ಲಿ ಸುತ್ತಿಕೊಂಡು ನನ್ನ ಮನೆಗೆ ತಂದಿದ್ದ. ಸತ್ತವನ ಗುರುತಿನ ಚೀಟಿ ನೀರಿನಲ್ಲಿ ಕರಗಿಹೋಗಿತ್ತು, ಉಳಿದಿದ್ದು ಕಬ್ಬಿಣ ಮಾತ್ರ. ಸೇನೆಯ ದುರಸ್ತಿ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಬಂದೂಕಿನ ಮುದ್ರೆಗಳನ್ನೇ ನೋಡಿದ ಮುದುಕ ಊರಲ್ಲಿದ್ದಾನೆ ಎಂದು ಯಾರೋ ಅವನಿಗೆ ಹೇಳಿದ್ದರು. "ತಾತ, ಬೇಗ ಹೇಳಿ. ಪೆಟ್ಟಿಗೆ ಮಾಡಿಸಿಟ್ಟಿದೀವಿ, ಒಳಗಿರೋನ ಹೆಸರೊಂದೇ ಬಾಕಿ" ಅಂದ.

ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಸಿ, ಮರದ ಕಡ್ಡಿಯಿಂದ ತುಕ್ಕು ಕೆರೆದೆ. ನಳಿಗೆಯ ಬುಡದಲ್ಲಿ ಸುತ್ತಿಗೆ-ಕುಡುಗೋಲಿನ ಮುದ್ರೆ, ಅದರ ಕೆಳಗೆ 1942. ಎಡಗಡೆ, ಗುರಿ ನೋಡಲು ಬಂದೂಕಿನ ಮೇಲೆ ಕೂರಿಸುವ ದುರ್ಬೀನಿನ ಸಂಖ್ಯೆ. ಈಗ ಸಂತೆಯಲ್ಲಿ ಮಾಮೂಲಿ ಬಂದೂಕಿಗೆ ಸಂಖ್ಯೆ ಹೊಡೆದು ಸ್ನೈಪರ್ ಬಂದೂಕು ಎಂದು ಮಾರುವವರಿದ್ದಾರೆ. ಅಂಥ ಅಂಕಿ ತುಕ್ಕಿನ ಗುಳಿಯ ಮೇಲೆ ಕೂತಿರುತ್ತದೆ, ಅಂಚು ಹರಿತವಾಗಿರುತ್ತದೆ. ಇಲ್ಲಿ ಅಂಕಿಯ ತಳವನ್ನೂ ತುಕ್ಕು ತಿಂದಿತ್ತು. ಅಸಲಿ, ಅನುಮಾನವೇ ಇಲ್ಲ. 41873.

ಆ ಸಂಖ್ಯೆ ನನಗೆ ಬಾಯಿಪಾಠ. ನಿಮ್ಮ ಅಪ್ಪ ರಣರಂಗದಿಂದ ಕಳಿಸಿದ ಫೋಟೋದ ಹಿಂದೆ ಅದೇ ಇತ್ತಲ್ಲ: "ಅಗಾಫ್ಯಾ, ಇವಳು ನನ್ನ ಹೊಸ ಹೆಂಡತಿ, ನಂಬರ್ 41873. ಹೊಟ್ಟೆಕಿಚ್ಚು ಪಡಬೇಡ, ಇವಳಿಗೆ ಸೂಪು ಮಾಡೋಕೆ ಬರಲ್ಲ." ನಿಮ್ಮ ಅಮ್ಮ ಅದನ್ನು ಓದಿ ನಗುತ್ತಿದ್ದರು, ಆಮೇಲೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಿಮ್ಮ ಅಪ್ಪ ಕಾಣೆಯಾದ ಮೇಲೆ ಪಕ್ಕದ ಕೋಣೆಯ ಕ್ಲಾವ್ದಿಯಾ ಹಂಗಿಸುತ್ತಿದ್ದಳಂತೆ, "ನಿನ್ನ ಪ್ರೊಖೋರ್ ಬಂದೂಕಿನ ಸಮೇತ ಜರ್ಮನ್ನರ ಹತ್ರ ಹೋಗಿ ಸೇರ್ಕೊಂಡ ಕಣೆ, ಈಗ ಅಲ್ಲಿ ಬಿಯರ್ ಕುಡೀತಾ ಕೂತಿರ್ತಾನೆ." ಆ ಮಾತನ್ನು ನೀನು ಶಾಲೆಯಲ್ಲೂ ಕೇಳಿದೆ. ನಮ್ಮ ಮದುವೆಯಾದ ಮೇಲೂ ಅದನ್ನು ಮರೆಯಲಿಲ್ಲ.

ನಾನು ಬಚ್ಚಿಟ್ಟಿದ್ದು ಇದು. ಆ 41873ರ ಮೇಲೆ ಅಡ್ಡಗೀರು ಇತ್ತು. ಅದರ ಕೆಳಗೆ ಇನ್ನೊಂದು ಸಂಖ್ಯೆ ಇತ್ತು, 60259.

ಒಂದು ಬಂದೂಕಿಗೆ ಹೊಂದಿಸಿದ ದುರ್ಬೀನು ಇನ್ನೊಂದರ ಮೇಲೆ ಸರಿಯಾಗಿ ಗುರಿ ತೋರಿಸುವುದಿಲ್ಲ. ಅದಕ್ಕೇ ಜೋಡಿಯ ಸಂಖ್ಯೆಯನ್ನು ನಳಿಗೆಯ ಮೇಲೆ ಹೊಡೆಯುವುದು. ದುರ್ಬೀನು ಹಾಳಾದರೆ ಬಂದೂಕು ದುರಸ್ತಿಗೆ ಬರುತ್ತದೆ, ಹಳೆಯ ಸಂಖ್ಯೆಗೆ ಗೀರು ಹೊಡೆದು ಕೆಳಗೆ ಹೊಸದನ್ನು ಹೊಡೆದು ಬೇರೊಬ್ಬನ ಕೈಗೆ ಕೊಡುತ್ತಾರೆ. ಹಳೆಯದನ್ನು ಉಜ್ಜಿ ಅಳಿಸಬಾರದು, ಓದಲು ಬರಬೇಕು. ಅದು ನಮ್ಮ ಕಾರ್ಖಾನೆಯ ಕಟ್ಟಳೆ. ಜೌಗಿನಲ್ಲಿ ಸತ್ತವನು ಆ ಎರಡನೆಯವನು, ಫಾಯಿನಾ.

ನಾವು ಬೇರೆಯಾದ ಮೇಲೆ ನೀನು ಒಂಬತ್ತು ವರ್ಷ ನನ್ನೊಡನೆ ಮಾತು ಬಿಟ್ಟಿದ್ದೆ. ಮೇಲಿನ ಸಂಖ್ಯೆ ಕಂಡೊಡನೆ ನಾನು ರೊದಿಯೋನನಿಗೆ ನಿನ್ನ ಹೆಸರು ಹೇಳಿದ್ದೆ; ಅವನು ನಿನಗೆ ಸುದ್ದಿ ಮುಟ್ಟಿಸಿದ ದಿನವೇ ನೀನು ಫೋನು ಮಾಡಿದೆ. "ಲಾವ್ರ್, ಸುತ್ತಿ ಬಳಸಿ ಮಾತಾಡ್ಬೇಡ. ಅಪ್ಪನದಾ, ಅಲ್ವಾ?" ಅಂದೆ. ನಾನು ಹೌದು ಅಂದೆ. ವರದಿಯಲ್ಲಿ ಮೇಲಿನ ಸಂಖ್ಯೆ ಬರೆದೆ, ಗೀರನ್ನೂ ಕೆಳಗಿನ ಸಂಖ್ಯೆಯನ್ನೂ ಬಿಟ್ಟೆ. ಆಮೇಲೆ ಬಂದೂಕನ್ನು ವಸ್ತುಸಂಗ್ರಹಾಲಯದ ಗಾಜಿನ ಬೀರುವಿನಲ್ಲಿ, ಸಂಖ್ಯೆಯಿರುವ ಎಡಮಗ್ಗುಲು ಗೋಡೆಗೆ ಬರುವಂತೆ ಇಡಿಸಿದವನೂ ನಾನೇ.

ನಿನ್ನ ಸಂಕಟ ನೋಡಲಾಗದೆ ಹಾಗೆ ಮಾಡಿದೆ ಎಂದು ಬರೆಯಬಹುದಿತ್ತು. ಅದು ಅರ್ಧ ಸತ್ಯ. ಮಣ್ಣು ಮಾಡಿದ ಮೇಲೆ ನೀನು ನನ್ನ ಅಡುಗೆಮನೆಯಲ್ಲಿ ಕೂತು, ಎಲೆಕೋಸಿನ ಕಡುಬಿನ ಪೊಟ್ಟಣ ಬಿಚ್ಚಿ, "ತಿನ್ನೋ, ಕಡ್ಡಿ ಥರ ಆಗಿದೀಯ" ಅಂದೆಯಲ್ಲ, ಅದಕ್ಕಾಗಿ ಮಾಡಿದೆ. ಪ್ರತಿ ಮೇ ತಿಂಗಳು ನೀನು ಆ ಸಮಾಧಿಗೆ ಬರುತ್ತೀ, ಹಿಂದಿರುಗುವಾಗ ನನ್ನ ಮನೆಗೂ ಬರುತ್ತೀ. ಇನ್ನೊಬ್ಬನ ಮೂಳೆ ಕೊಟ್ಟು ನಾನು ವರ್ಷಕ್ಕೊಂದು ದಿನ ಪಡೆದುಕೊಂಡೆ.

ಜನವರಿಯಲ್ಲಿ ವೊಲೊಗ್ದಾದಿಂದ ನೊನ್ನಾ ಸೊಜೊನೊವಾ ಎಂಬಾಕೆ ತಂಡಕ್ಕೆ ಪತ್ರ ಬರೆದಿದ್ದಾಳೆ. ಹುಟ್ಟಿದ್ದು ನಲವತ್ತಮೂರರಲ್ಲಿ, ತಂದೆಯ ಮುಖ ನೋಡಿಲ್ಲ. ದಾಖಲೆ ಕಚೇರಿಯಿಂದ ಅವನ ತುಕಡಿಯ ಪಟ್ಟಿ ತರಿಸಿದ್ದಾಳೆ: ಸವೇಲಿ ಸೊಜೊನೊವ್, ದುರ್ಬೀನು 60259. ಅವಳ ತಾಯಿಗೆ ಎಂಬತ್ತೆರಡು, ಹಾಸಿಗೆ ಹಿಡಿದಿದ್ದಾರೆ, ಗಂಡ ಎಲ್ಲಿ ಮಲಗಿದ್ದಾನೆಂದು ತಿಳಿದು ಕಣ್ಣು ಮುಚ್ಚಬೇಕಂತೆ. "ಈ ನಂಬರು ಎಲ್ಲಾದ್ರೂ ಕಂಡಿದ್ರಾ, ತಾತ?" ಎಂದು ರೊದಿಯೋನ್ ಕೇಳಿದ. ಇಲ್ಲ ಅಂದೆ.

ನಿನ್ನ ತಂದೆಯ ಬಗ್ಗೆ ನನಗೆ ಖಚಿತವಾಗಿ ಗೊತ್ತಿರುವುದು ಒಂದೇ. ಬಂದೂಕು ನಮ್ಮವರ ಕೈಗೆ ಮರಳಿ ಬಂದಿದೆ. ಅದನ್ನು ಹಿಡಿದುಕೊಂಡು ನಿಮ್ಮ ಅಪ್ಪ ಜರ್ಮನ್ನರ ಕಡೆಗೆ ಹೋಗಲಿಲ್ಲ. ಕ್ಲಾವ್ದಿಯಾ ಹೇಳಿದ್ದು ಸುಳ್ಳು. ಅವರು ಎಲ್ಲಿ ಬಿದ್ದರು ಎಂಬುದು ನನಗೆ ಗೊತ್ತಿಲ್ಲ, ಯಾವ ಕಬ್ಬಿಣವೂ ಅದನ್ನು ಹೇಳಲಾರದು.

ಆ ಕಲ್ಲಿನ ಮೇಲಿರುವುದು ನಿನ್ನ ತಂದೆಯ ಹೆಸರು. ಅದನ್ನು ತೆಗೆಸಲು ನಿನ್ನ ಒಪ್ಪಿಗೆ ಬೇಕು. ಒಪ್ಪಿದರೆ ರೊದಿಯೋನನಿಗೆ ಎಲ್ಲವನ್ನೂ ಹೇಳಿ ಹೊಸ ವರದಿಗೆ ಸಹಿ ಹಾಕುತ್ತೇನೆ, ನೊನ್ನಾಗೂ ಬರೆಯುತ್ತೇನೆ. ತಿಂಗಳ ಕೊನೆಯವರೆಗೆ ನಿನ್ನ ಉತ್ತರಕ್ಕೆ ಕಾಯುತ್ತೇನೆ. ಕ್ಷಮೆ ಕೇಳುವುದಿಲ್ಲ, ಕೇಳುವ ಮುಖ ನನಗಿಲ್ಲ.

ಒಂದು ಕಾಲದಲ್ಲಿ ನಿನ್ನವನಾಗಿದ್ದ
ಲಾವ್ರ್

ತಾ.ಕ.: ಕಾಯುತ್ತೇನೆಂದು ಬರೆದದ್ದು ನಿಜವಲ್ಲ. ನೊನ್ನಾಗೆ ನಿನ್ನೆಯೇ ತಂತಿ ಕಳಿಸಿದೆ, ಇವತ್ತು ಬೆಳಿಗ್ಗೆ ರೊದಿಯೋನನ ಮುಂದೆ ಸಹಿಯನ್ನೂ ಹಾಕಿದೆ. ನೀನು ಬೇಡ ಎಂದಿದ್ದರೆ ನಾನು ಮತ್ತೆ ಸುಮ್ಮನಿದ್ದುಬಿಡುತ್ತಿದ್ದೆ.