ಬಾವಿ ಬತ್ತಿದ ಕಾರಣ

ಅಣ್ಣಾ,

ನೀನು ತೀರಿಕೊಂಡ ನಾಲ್ಕು ವರ್ಷದ ಮೇಲೆ ಇವತ್ತು ನಿನ್ನ ಬಾವಿಗೆ ಅಂತರ್ಜಲ ಇಲಾಖೆಯವರು ಬಂದಿದ್ದರು. ಚಾವಣಿಗಳ ಮಳೆನೀರನ್ನು ಪೈಪಿನಲ್ಲಿ ತಂದು ಅದರೊಳಗೆ ಇಂಗಿಸುತ್ತಾರಂತೆ. ಹೂಳೆತ್ತಿದಾಗ ತಳದ ಬಂಡೆಯಲ್ಲಿ ನಿನ್ನ ಉಳಿಯ ಗುರುತುಗಳು ಹಾಗೇ ಇದ್ದವು.

"ಇಷ್ಟು ಚೆನ್ನಾಗಿ ತೋಡಿದ ಬಾವಿ ಯಾಕ್ರೀ ಬತ್ತಿತು?" ಎಂದು ಇಂಜಿನಿಯರಮ್ಮ ಕೇಳಿದರು.

ಅರವತ್ತು ಅಡಿ ಆಚೆಗೇ ನಾನು ಕೊರೆಸಿದ ಬೋರ್‌ವೆಲ್ ಇದೆ. ಅದರಲ್ಲಿ ನೀರು ಚಿಮ್ಮಿದ ದಿನ ನಾನು ಕುಣಿದಾಡಿದ್ದೆ. ನೀನು ಬಾವಿಕಟ್ಟೆಯ ಮೇಲೆ ಕೂತು, "ನಿಧಾನ ಕಣೋ, ಎರಡಕ್ಕೂ ಒಂದೇ ನೀರು" ಎಂದಿದ್ದೆ. ಮರುವರ್ಷ ನಿನ್ನ ಕೊಡ ಖಾಲಿಯಾಗಿ ಮೇಲೆ ಬಂತು. ಈಗ ನನ್ನದೂ ಬತ್ತಿದೆ.

"ಮಳೆ ಎಲ್ಲಿದೆ ಮೇಡಂ?" ಎಂದೆ.

ಅವರು ನಂಬಿ, ಕಾರಣದ ಜಾಗದಲ್ಲಿ 'ಮಳೆ ಕೊರತೆ' ಎಂದು ಬರೆದುಕೊಂಡರು. ಅದರ ಕೆಳಗೆ 'ಬಾವಿ ತೋಡಿದವರ ತಮ್ಮ' ಎಂದು ಬರೆದು ಸಹಿ ಹಾಕಿದೆ.